ಟ್ರಿನಿಟಿ ಕ್ರಾಸ್: ಟ್ರಿನಿಡಾಡ್ ಮತ್ತು ಟೊಬೇಗೊ ರಾಷ್ಟ್ರದ ಪರಮಗೌರವವೂ ಅದರ ಲಾಂಛನವೂ

ಪ್ರಜೆಗಳಲ್ಲಿ ಶ್ರೇಷ್ಠರಾದವರನ್ನು ಆರಿಸಿ ಬಿರುದು ಪದಕಗಳಿಂದ ಗೌರವಿಸುವ ಪದ್ಧತಿ ಎಲ್ಲ ರಾಜ್ಯಗಳಲ್ಲಿಯೂ ಉಂಟು. ಇತಿಹಾಸವನ್ನು ಬರೆಯುವವರು ಈ ವಿಷಯಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಯುದ್ಧ, ಕೌಲು, ಕಂದಾಯ, ಶಾಸನಸಭೆ ಇವುಗಳ ವಿಚಾರ ಮುಗಿದ ಮೇಲೆ ಪುಟ ಉಳಿದರೆ ಪದಕಗಳ ಪ್ರಸ್ತಾಪ ಬರುತ್ತದೆ. ಬಾರದಿದ್ದರೂ ಯಾರೂ ಕೇಳುವುದಿಲ್ಲ. ಆದರೆ ರಾಜ್ಯವೊಂದು ತನ್ನನ್ನು ತಾನು ಯಾರೆಂದು ಭಾವಿಸಿದೆ ಎಂಬುದನ್ನು ತಿಳಿಯಬೇಕಾದರೆ ಅದು ತನ್ನ ಮಾನ್ಯರ ಕೊರಳಿಗೆ ಏನನ್ನು ಕಟ್ಟುತ್ತದೆ ಎಂಬುದನ್ನು ನೋಡತಕ್ಕದ್ದೆಂದು ನಮ್ಮ ಮತ. ಕೆರಿಬಿಯನ್ ಸಮುದ್ರದ ದಕ್ಷಿಣ ತುದಿಯಲ್ಲಿರುವ ಟ್ರಿನಿಡಾಡ್ ಮತ್ತು ಟೊಬೇಗೊ ಎಂಬ ಪುಟ್ಟ ರಾಷ್ಟ್ರದಲ್ಲಿ ಒಂದು ಪದಕದ ಹೆಸರು ನಾಲ್ಕು ದಶಕಗಳ ಕಾಲ ವಿವಾದಕ್ಕೆ ಎಡೆಗೊಟ್ಟು, ಕಡೆಗೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಆ ವಿವಾದದ ಒಂದು ಪಕ್ಷದಲ್ಲಿ ನಿಂತವರು ನಮ್ಮ ದೇಶದಿಂದಲೇ ಹೋದ ಕರಾರು ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು. ಆದಕಾರಣ ಈ ಕಥೆ ನಮಗೆ ತೀರ ಪರಕೀಯವಾದುದಲ್ಲ.

ಮೊದಲು ಹೆಸರಿನ ವಿಷಯ. ಕೊಲಂಬಸನು ತನ್ನ ಮೂರನೆಯ ಯಾನದಲ್ಲಿ ೧೪೯೮ರ ಜುಲೈ ೩೧ರಂದು ಈ ದ್ವೀಪವನ್ನು ಕಂಡನು. ಈ ಸಲ ಮೊದಲು ಕಾಣುವ ನೆಲಕ್ಕೆ ಪವಿತ್ರ ತ್ರಿಯೇಕ ದೇವರ ಹೆಸರಿಡುವುದಾಗಿ ಅವನು ಮೊದಲೇ ಸಂಕಲ್ಪ ಮಾಡಿದ್ದನಂತೆ. ಕಂಡದ್ದೂ ಒಟ್ಟಿಗೆ ನಿಂತ ಮೂರು ಗುಡ್ಡಗಳು. ಸಂಕಲ್ಪಕ್ಕೆ ಪ್ರಕೃತಿಯೇ ಸಾಕ್ಷಿ ಹೇಳಿದಂತಾಗಿ ದ್ವೀಪಕ್ಕೆ 'ಟ್ರಿನಿಡಾಡ್' ಎಂಬ ಹೆಸರು ನಿಂತಿತು. ಸ್ಪೇನಿನ ಭಾಷೆಯಲ್ಲಿ ಅದರ ಅರ್ಥ ತ್ರಿಯೇಕ ಎಂದೇ. ಅಲ್ಲಿ ಮೊದಲೇ ವಾಸವಾಗಿದ್ದ ಆದಿವಾಸಿಗಳು ತಮ್ಮ ನೆಲವನ್ನು ಏನೆಂದು ಕರೆಯುತ್ತಿದ್ದರೆಂದು ವಿಚಾರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಸುಮಾರು ಮುನ್ನೂರು ವರ್ಷ ಸ್ಪೇನಿನ ಆಳಿಕೆ ನಡೆಯಿತು. ಆ ಆಳಿಕೆಯ ಕಡೆಯ ಭಾಗದಲ್ಲಿ, ೧೭೮೩ರಲ್ಲಿ, ಜನವಸತಿ ಬೆಳೆಸುವುದಕ್ಕಾಗಿ ಹೊರಡಿಸಿದ ರಾಜಾಜ್ಞೆಯೊಂದು ಇಲ್ಲಿ ಗಮನಾರ್ಹ. ಪರದೇಶೀಯರಿಗೆ ಉಚಿತವಾಗಿ ಭೂಮಿ ಕೊಡುವುದಾಗಿ ಅದು ಸಾರಿತು. ಆದರೆ ಬರುವವರು ರೋಮನ್ ಕ್ಯಾಥೊಲಿಕ್ ಮತದವರಾಗಿರಬೇಕೆಂಬ ನಿಬಂಧನೆಯನ್ನು ಅದಕ್ಕೆ ಸೇರಿಸಿತು. ಫ್ರೆಂಚ್ ತೋಟಗಾರರು ಗುಲಾಮರನ್ನು ಕರೆದುಕೊಂಡು ಬಂದದ್ದು ಈ ಆಜ್ಞೆಯ ಬಲದಿಂದಲೇ. ನೆಲದ ಮೇಲಿನ ಹಕ್ಕಿಗೂ ಶಿಲುಬೆಯ ಮೇಲಿನ ಭಕ್ತಿಗೂ ಆ ದ್ವೀಪದಲ್ಲಿ ಗಂಟು ಬಿದ್ದದ್ದು ಹೀಗೆ. ೧೭೯೭ರಲ್ಲಿ ಬ್ರಿಟಿಷರು ದ್ವೀಪವನ್ನು ಹಿಡಿದರು. ೧೮೦೨ರ ಅಮಿಯಾನ್ ಕೌಲಿನಲ್ಲಿ ಅದು ಅವರಿಗೇ ಖಾಯಮ್ಮಾಯಿತು. ಟೊಬೇಗೊ ದ್ವೀಪ ಇದರೊಂದಿಗೆ ಸೇರಿದ್ದು ೧೮೮೯ರಲ್ಲಿ.

೧೮೩೪ರಲ್ಲಿ ಗುಲಾಮಗಿರಿ ರದ್ದಾಯಿತು. ಗುಲಾಮರನ್ನು 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ ಇನ್ನೂ ಕೆಲವು ವರ್ಷ ಕಟ್ಟಿಹಾಕಿಕೊಂಡಿದ್ದ ವ್ಯವಸ್ಥೆಯೂ ೧೮೩೮ರಲ್ಲಿ ಮುಗಿಯಿತು. ಕಬ್ಬಿನ ತೋಟಗಳಿಗೆ ಆಳು ಬೇಕಾಗಿ ತೋಟಗಾರರ ಕಣ್ಣು ಹಿಂದೂಸ್ಥಾನದ ಕಡೆಗೆ ತಿರುಗಿತು. ೧೮೪೫ರ ಫೆಬ್ರವರಿಯಲ್ಲಿ ಕಲ್ಕತ್ತೆಯನ್ನು ಬಿಟ್ಟ 'ಫತೆಲ್ ರಜಾಕ್' ಎಂಬ ಹಡಗು ಇನ್ನೂರಕ್ಕೆ ಮಿಕ್ಕ ಜನರೊಡನೆ ಮೇ ೩೦ರಂದು ಅಲ್ಲಿಗೆ ಮುಟ್ಟಿತು. ಆಗಿನಿಂದ ೧೯೧೭ರವರೆಗೆ ಹೀಗೆ ಹೋದವರ ಸಂಖ್ಯೆ ಸುಮಾರು ೧,೪೪,೦೦೦. ಇವರಲ್ಲಿ ಬಹುಮಂದಿ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ಕಡೆಯವರು. ಮದರಾಸಿನ ಬಂದರಿನಿಂದ ಹೊರಟವರು ಸ್ವಲ್ಪ ಮಂದಿ. ಹಿಂದೂಗಳೇ ಹೆಚ್ಚು, ಮುಸಲ್ಮಾನರೂ ಉಂಟು. ಕರಾರು ಮುಗಿದ ಮೇಲೆ ಕೆಲವರು ಹಿಂದಿರುಗಿದರು. ಬಹುಮಂದಿ ಅಲ್ಲಿಯೇ ನೆಲೆನಿಂತರು.

ಹೀಗೆ ನೆಲೆನಿಂತ ಜನರ ಧರ್ಮವನ್ನು ವಸಾಹತು ಸರಕಾರ ಯಾವ ದೃಷ್ಟಿಯಿಂದ ಕಂಡಿತೆಂಬುದಕ್ಕೆ ಒಂದೇ ನಿದರ್ಶನ ಸಾಕು. ಪುರೋಹಿತರ ಮುಂದೆ ಅಗ್ನಿಸಾಕ್ಷಿಯಾಗಿ ನಡೆದ ಹಿಂದೂ ವಿವಾಹಕ್ಕೆ ಕಾನೂನಿನ ಮನ್ನಣೆ ದೊರೆತದ್ದು ೧೯೪೫ರ ಶಾಸನದಿಂದ. ಎಂದರೆ ಮೊದಲ ಹಡಗು ಬಂದು ಸರಿಯಾಗಿ ನೂರು ವರ್ಷದ ಮೇಲೆ. ಮುಸ್ಲಿಂ ವಿವಾಹಗಳಿಗೆ ಇದು ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ದೊರೆತಿತ್ತು. ಅದುವರೆಗೆ ಪ್ರತ್ಯೇಕವಾಗಿ ನೋಂದಣಿ ಮಾಡಿಸದ ದಂಪತಿಗಳ ಮಕ್ಕಳು ಕಾನೂನಿನ ಕಣ್ಣಿನಲ್ಲಿ ಅನೌರಸರು. ಶಾಲೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಭಾರತೀಯರ ಮಕ್ಕಳಿಗೆ ಮೊದಲು ಅಕ್ಷರ ಕಲಿಸಿದವರು ೧೮೬೮ರಲ್ಲಿ ಬಂದು ಕೆಲಸ ಆರಂಭಿಸಿದ ಕೆನಡಾದ ಪ್ರೆಸ್ಬಿಟೇರಿಯನ್ ಮಿಷನರಿ ಜಾನ್ ಮಾರ್ಟನ್ ಮತ್ತು ಅವನ ಅನುಯಾಯಿಗಳು. ಅವರ ಸೇವೆ ದೊಡ್ಡದು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಮತಾಂತರ ಹೊಂದಿದವನಿಗೆ ಉಪಾಧ್ಯಾಯನ ಹುದ್ದೆಯ ಬಾಗಿಲು ಸುಲಭವಾಗಿ ತೆರೆಯುತ್ತಿತ್ತೆಂಬುದೂ ಅಷ್ಟೇ ನಿಜ. ೧೯೫೨ರಲ್ಲಿ ಸನಾತನ ಧರ್ಮ ಮಹಾಸಭೆ ಸ್ಥಾಪಿತವಾಗಿ ಹಿಂದೂ ಶಾಲೆಗಳನ್ನು ಕಟ್ಟತೊಡಗಿದ ಮೇಲೆಯೇ ಪರಿಸ್ಥಿತಿ ಬದಲಾದದ್ದು. ಈ ಅಸಮಾನತೆ ಭಾರತೀಯರನ್ನು ಮಾತ್ರ ಬಾಧಿಸಿತೆಂದು ತಿಳಿಯಬಾರದು. ಆಫ್ರಿಕದ ಮೂಲದವರ 'ಸ್ಪಿರಿಚುಯಲ್ ಬ್ಯಾಪ್ಟಿಸ್ಟ್' ಪಂಥದ ಆರಾಧನೆಯನ್ನು ೧೯೧೭ರಿಂದ ೧೯೫೧ರವರೆಗೆ ಶಾಸನವೇ ನಿಷೇಧಿಸಿತ್ತು. ಅವರು ಕ್ರೈಸ್ತರೇ, ಆದರೆ ಅಧಿಕಾರದಲ್ಲಿದ್ದವರ ರುಚಿಗೆ ಹೊಂದುವ ಕ್ರೈಸ್ತರಲ್ಲ.

ಇಷ್ಟು ಪೂರ್ವಪೀಠಿಕೆ ಅಗತ್ಯವೇ ಎಂದು ವಾಚಕರು ಕೇಳಬಹುದು. ಪದಕದ ವಿವಾದದ ತಿರುಳು ಇರುವುದೇ ಇಲ್ಲಿ. ಮುಂದೆ ನ್ಯಾಯಾಲಯದಲ್ಲಿ ವಾದಕ್ಕೆ ಬಂದದ್ದೂ ಲೋಹದ ತುಣುಕಲ್ಲ, ಈ ಇತಿಹಾಸ.

೧೯೬೨ರ ಆಗಸ್ಟ್ ೩೧ರಂದು ಟ್ರಿನಿಡಾಡ್ ಮತ್ತು ಟೊಬೇಗೊ ಸ್ವತಂತ್ರವಾಯಿತು. ಪ್ರಧಾನಮಂತ್ರಿ ಎರಿಕ್ ವಿಲಿಯಮ್ಸ್ ಸ್ವತಃ ಇತಿಹಾಸಕಾರರು. ಬಂಡವಾಳಶಾಹಿಗೂ ಗುಲಾಮಗಿರಿಗೂ ಇರುವ ಸಂಬಂಧವನ್ನು ಕುರಿತ ಅವರ ಗ್ರಂಥ ನಮ್ಮ ವಿದ್ಯಾರ್ಥಿಗಳಿಗೂ ಅಪರಿಚಿತವಲ್ಲ. ಏಳು ವರ್ಷಗಳ ತರುವಾಯ, ೧೯೬೯ರ ಆಗಸ್ಟ್ ೨೬ರಂದು, ಎರಡನೆಯ ಎಲಿಜಬೆತ್ ರಾಣಿಯ ಹೆಸರಿನಲ್ಲಿ ರಾಜಶಾಸನವೊಂದು ಹೊರಟಿತು. 'ಆರ್ಡರ್ ಆಫ್ ದಿ ಟ್ರಿನಿಟಿ' ಎಂಬ ಗೌರವಸಂಘವನ್ನು ಅದು ಸ್ಥಾಪಿಸಿತು. ಆ ಸಂಘದ ಶಿಖರಪ್ರಾಯವಾದ ಪ್ರಶಸ್ತಿಗೆ 'ಟ್ರಿನಿಟಿ ಕ್ರಾಸ್' ಎಂದು ಹೆಸರಾಯಿತು. ರಾಷ್ಟ್ರಕ್ಕೆ ಅಸಾಧಾರಣವಾದ ಸೇವೆ ಸಲ್ಲಿಸಿದವರಿಗೂ ವಿಶೇಷ ಶೌರ್ಯ ತೋರಿದವರಿಗೂ ಸಲ್ಲತಕ್ಕದ್ದು ಅದು. ಹೆಸರುಗಳನ್ನು ಪರಿಶೀಲಿಸುವ ಸಮಿತಿಗೆ ಮುಖ್ಯ ನ್ಯಾಯಾಧೀಶರ ಅಧ್ಯಕ್ಷತೆ. ಪದಕ ಪ್ರದಾನ ಮಾಡುವವರು ರಾಷ್ಟ್ರದ ಮುಖ್ಯಸ್ಥರು. ಪಡೆದವರು ತಮ್ಮ ಹೆಸರಿನ ಮುಂದೆ 'ಟಿ.ಸಿ.' ಎಂಬ ಅಕ್ಷರಗಳನ್ನು ಬರೆದುಕೊಳ್ಳಬಹುದಾಗಿತ್ತು.

ಈ ಶಿಖರದ ಕೆಳಗೆ ಇನ್ನೂ ಮೂರು ಮೆಟ್ಟಿಲುಗಳಿದ್ದವು. ಅವು ನಮಗೆ ಶಿಖರಕ್ಕಿಂತ ಹೆಚ್ಚು ಕುತೂಹಲಕರವಾಗಿ ತೋರುತ್ತವೆ. ಎರಡನೆಯದು ಚಕೋನಿಯ ಪದಕ. ಚಕೋನಿಯ ಎಂಬುದು ಕಾಡಿನಲ್ಲಿ ಬೆಳೆಯುವ, ಬೆಂಕಿಯ ನಾಲಗೆಯಂತೆ ಕೆಂಪಾದ ಉದ್ದನೆಯ ಹೂಗೊಂಚಲಿನ ಗಿಡ. ಅದೇ ಆ ದೇಶದ ರಾಷ್ಟ್ರಪುಷ್ಪ. ಸ್ವಾತಂತ್ರ್ಯದ ದಿನ ಬರುವ ಕಾಲಕ್ಕೆ ಅದು ಅರಳಿ ನಿಂತಿರುತ್ತದೆ. ಮೂರನೆಯದು ಹಮ್ಮಿಂಗ್ ಬರ್ಡ್ ಪದಕ. ಹೂವಿನ ಮುಂದೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿಯೇ ನಿಲ್ಲಬಲ್ಲ ಈ ಕಿರುಹಕ್ಕಿಯ ನಾಡೆಂದೇ ಆದಿವಾಸಿಗಳು ದ್ವೀಪವನ್ನು ಕರೆಯುತ್ತಿದ್ದರೆಂಬ ಪ್ರತೀತಿ ಅಲ್ಲಿ ಉಂಟು. ರಾಷ್ಟ್ರದ ಗುರಾಣಿಚಿಹ್ನೆಯಲ್ಲಿಯೂ ಎರಡು ಚಿನ್ನದ ಬಣ್ಣದ ಹಮ್ಮಿಂಗ್ ಬರ್ಡ್‌ಗಳಿವೆ. ನಾಲ್ಕನೆಯದು ಸಾರ್ವಜನಿಕ ಸೇವಾ ಪದಕ. ಈ ಮೂರರಲ್ಲಿಯೂ ಚಿನ್ನ, ಬೆಳ್ಳಿ, ಕಂಚು ಎಂಬ ದರ್ಜೆಗಳು. ಒಂದೇ ರಾಜಶಾಸನದಲ್ಲಿ ಕೆಳಗಿನ ಮೆಟ್ಟಿಲುಗಳಿಗೆ ಹೂವೂ ಹಕ್ಕಿಯೂ ಸಾಕಾದುವು; ಅತ್ಯುಚ್ಚ ಸ್ಥಾನಕ್ಕೆ ಮಾತ್ರ ಒಂದು ಮತದ ದೇವರ ಹೆಸರನ್ನೂ ಆ ಮತದ ಚಿಹ್ನೆಯನ್ನೂ ಜೋಡಿಸಲಾಯಿತು. (ಚಕೋನಿಯ ಎಂಬ ಹೆಸರು ಬಂದದ್ದು ಸ್ಪೇನಿನ ಕಡೆಯ ಗವರ್ನರ್ ಚಕೋನ್ ಎಂಬಾತನಿಂದ. ವಸಾಹತಿನ ನೆನಪಿನಿಂದ ತಪ್ಪಿಸಿಕೊಳ್ಳುವುದು ಅಲ್ಲಿ ಹೂವಿಗೂ ಸಾಧ್ಯವಾಗಿಲ್ಲ!)

ಇದರಲ್ಲಿ ಯಾರನ್ನಾದರೂ ಹೊರಗಿಡಬೇಕೆಂಬ ಉದ್ದೇಶವಿತ್ತೆಂದು ನಾವು ಹೇಳಲಾರೆವು. ದ್ವೀಪದ ಹೆಸರು ಟ್ರಿನಿಡಾಡ್, ಆದ್ದರಿಂದ 'ಟ್ರಿನಿಟಿ'. ಬ್ರಿಟಿಷ್ ಪರಂಪರೆಯಲ್ಲಿ ವಿಕ್ಟೋರಿಯಾ ಕ್ರಾಸ್, ಜಾರ್ಜ್ ಕ್ರಾಸ್ ಇರುವುದರಿಂದ 'ಕ್ರಾಸ್'. ಇಷ್ಟರಲ್ಲಿಯೇ ಯೋಚನೆ ಮುಗಿದಿರಬೇಕು. ಆದರೆ ಯೋಚಿಸದೆ ಇಟ್ಟ ಹೆಸರು ಎಂಬುದೇ ನಮ್ಮ ಗಮನಕ್ಕೆ ಅರ್ಹವಾದ ಸಂಗತಿ. ಬಹುಮತದ ಚಿಹ್ನೆ ಬಹುಮತದವರ ಕಣ್ಣಿಗೆ ಚಿಹ್ನೆಯಾಗಿಯೇ ಕಾಣುವುದಿಲ್ಲ. ಮನೆಯ ಗೋಡೆಯ ಬಣ್ಣದಂತೆ ಅದು ಸಹಜವಾಗಿರುತ್ತದೆ. ನೆರೆಯ ಗಯಾನಾ ದೇಶದಲ್ಲಿಯೂ ಆಫ್ರಿಕದವರು ಮತ್ತು ಭಾರತೀಯರು ಇದೇ ರೀತಿ ಕೂಡಿ ಬಾಳುತ್ತಾರೆ. ಮರುವರ್ಷವೇ, ೧೯೭೦ರಲ್ಲಿ, ಆ ದೇಶ ತನ್ನ ಗೌರವಗಳನ್ನು ಏರ್ಪಡಿಸಿದಾಗ ರೊರೈಮ ಪರ್ವತದ ಹೆಸರನ್ನೂ ಆದಿವಾಸಿ ನಾಯಕನ ಕಿರೀಟವನ್ನೂ ಬಾಣವನ್ನೂ ಆರಿಸಿಕೊಂಡಿತು; ಅತ್ಯುಚ್ಚವಾದುದಕ್ಕೆ 'ಆರ್ಡರ್ ಆಫ್ ಎಕ್ಸಲೆನ್ಸ್' ಎಂದಷ್ಟೇ ಹೆಸರಿಟ್ಟಿತು. ಬೇರೆ ದಾರಿ ಇರಲಿಲ್ಲ ಎಂಬ ಸಮಾಧಾನಕ್ಕೆ ಆದ್ದರಿಂದ ಎಡೆಯಿಲ್ಲ.

ಇನ್ನೊಂದು ವಿಚಿತ್ರವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಶಿಲುಬೆಯ ಪದಕವನ್ನು ಕ್ರೈಸ್ತರಲ್ಲದವರಿಗೆ ತೊಡಿಸುವುದು ಹೇಗೆ ಎಂಬ ಪ್ರಶ್ನೆ ಸಾಮ್ರಾಜ್ಯಗಳಿಗೆ ಹಿಂದೆಯೇ ಎದುರಾಗಿತ್ತು. ಅವು ಅದಕ್ಕೆ ಉತ್ತರವನ್ನೂ ಕಂಡುಕೊಂಡಿದ್ದವು. ರಷ್ಯದ ಚಕ್ರವರ್ತಿ ೧೮೪೪ರಲ್ಲಿ ಕ್ರೈಸ್ತೇತರರಿಗೆ ಕೊಡುವ ಪದಕಗಳ ಮೇಲೆ ಸಂತರ ಚಿತ್ರದ ಬದಲು ಸಾಮ್ರಾಜ್ಯದ ಗರುಡಲಾಂಛನವಿರಬೇಕೆಂದು ವಿಧಿಸಿದನು. ೧೮೬೧ರಲ್ಲಿ ವಿಕ್ಟೋರಿಯಾ ರಾಣಿ ಹಿಂದೂಸ್ಥಾನದ ಅರಸರಿಗಾಗಿ ಹೊಸದೊಂದು ಗೌರವವನ್ನು ಏರ್ಪಡಿಸಿದಾಗ ಸಂತನ ಹೆಸರನ್ನೂ ಶಿಲುಬೆಯನ್ನೂ ಬುದ್ಧಿಪೂರ್ವಕವಾಗಿ ಕೈಬಿಟ್ಟು ನಕ್ಷತ್ರವನ್ನು ಲಾಂಛನವಾಗಿ ಆರಿಸಲಾಯಿತು. ನಮ್ಮ ಮೈಸೂರಿನ ಒಡೆಯರು ಧರಿಸುತ್ತಿದ್ದ 'ಸ್ಟಾರ್ ಆಫ್ ಇಂಡಿಯಾ' ಅದೇ. ೧೯೦೨ರಲ್ಲಿ ಪರ್ಷಿಯದ ಷಾ ಇಂಗ್ಲೆಂಡಿಗೆ ಬಂದು ಗಾರ್ಟರ್ ಪದವಿಯನ್ನು ಅಪೇಕ್ಷಿಸಿದಾಗ ವಿದೇಶಾಂಗ ಸಚಿವ ಲ್ಯಾನ್ಸ್‌ಡೌನ್ ಶಿಲುಬೆಯಿಲ್ಲದ ಪದಕದ ನಕ್ಷೆಯನ್ನು ಸಿದ್ಧಪಡಿಸಿದನು. ಏಳನೆಯ ಎಡ್ವರ್ಡ್ ದೊರೆ ಸಿಟ್ಟಿನಿಂದ ಆ ನಕ್ಷೆಯನ್ನು ಹಡಗಿನ ಕಿಟಕಿಯಿಂದ ಹೊರಕ್ಕೆ ಎಸೆದನೆಂಬ ಕಥೆ ಪ್ರಸಿದ್ಧವಾಗಿದೆ. ಕಡೆಗೆ ೧೯೦೩ರಲ್ಲಿ ಷಾನಿಗೆ ಗಾರ್ಟರ್ ದೊರೆತದ್ದಂತೂ ನಿಜ. ಅರಸರ ಮತಭಾವನೆಯನ್ನು ಸಾಮ್ರಾಜ್ಯಗಳು ಲೆಕ್ಕಕ್ಕೆ ತೆಗೆದುಕೊಂಡುವು. ಅರಸರಿಂದ ಅವುಗಳಿಗೆ ಕಾರ್ಯವಾಗಬೇಕಿತ್ತು. ಕಬ್ಬಿನ ಗದ್ದೆಯ ಕೂಲಿಯ ಮೊಮ್ಮಗನ ವಿಷಯದಲ್ಲಿ ಅಂಥ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಅವನೇ ಪ್ರಜೆಯಾಗಿರುವ ರಾಜ್ಯವೂ ಹಾಕಲಿಲ್ಲವೆಂಬುದು ವಿಷಾದಕರ.

ಎಲ್ಲ ಹಿಂದೂಗಳೂ ಮುಸಲ್ಮಾನರೂ ಈ ಪದಕವನ್ನು ನಿರಾಕರಿಸಿದರೆಂದು ಬರೆದರೆ ಅದು ಸತ್ಯಕ್ಕೆ ದೂರವಾದೀತು. ಗಣಿತಜ್ಞರೂ ವಿರೋಧಪಕ್ಷದ ನಾಯಕರೂ ಆಗಿದ್ದ ರುದ್ರನಾಥ ಕಪಿಲದೇವ್ ಟಿ.ಸಿ. ಪಡೆದವರು. ಅವರ ಸೋದರಳಿಯ, ಕಾದಂಬರಿಕಾರ ವಿ. ಎಸ್. ನೈಪಾಲರಿಗೆ ನೋಬೆಲ್ ಪಾರಿತೋಷಕ ಬರುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ ಇದು ಸಂದಿತ್ತು. ಕ್ರಿಕೆಟ್ ಆಟಗಾರ ಬ್ರಯನ್ ಲಾರಾ ೧೯೯೪ರಲ್ಲಿ ಒಂದೇ ಇನ್ನಿಂಗ್ಸಿನಲ್ಲಿ ೩೭೫ ಓಟಗಳನ್ನು ಗಳಿಸಿ ಲೋಕವಿಖ್ಯಾತನಾದ ವರ್ಷವೇ ಟ್ರಿನಿಟಿ ಕ್ರಾಸ್ ಪಡೆದನು. ಆಗ ರಾಷ್ಟ್ರಾಧ್ಯಕ್ಷರಾಗಿದ್ದವರು ಮುಸ್ಲಿಂ ಮತೀಯರಾದ ನೂರ್ ಹಸನಲಿ. ಪದಕವನ್ನು ಸ್ವೀಕರಿಸಿದವರನ್ನು ಸ್ವಧರ್ಮಭ್ರಷ್ಟರೆಂದಾಗಲಿ, ನಿರಾಕರಿಸಿದವರನ್ನು ಹಠಮಾರಿಗಳೆಂದಾಗಲಿ ಕರೆಯುವುದು ಇತಿಹಾಸಕಾರನ ಕೆಲಸವಲ್ಲ. ಒಬ್ಬನಿಗೆ ಅದು ನಾಡಿನ ಹೆಸರು. ಇನ್ನೊಬ್ಬನಿಗೆ ಅದು ತನ್ನ ಅಜ್ಜನ ಮದುವೆಯನ್ನು ಮದುವೆಯಲ್ಲವೆಂದ ಅಧಿಕಾರದ ಮುದ್ರೆ. ೧೯೯೫ರಲ್ಲಿ ಮಹಾಸಭೆಯ ಧರ್ಮಾಚಾರ್ಯ ಪಂಡಿತ ಕೃಷ್ಣ ಮಹಾರಾಜರು ತಮಗೆ ಬಂದ ಟ್ರಿನಿಟಿ ಕ್ರಾಸನ್ನು ಒಪ್ಪಿಕೊಳ್ಳಲಿಲ್ಲ. ದಿನವೂ ದೇವರಿಗೆ ಆರತಿ ಎತ್ತುವ ಅರ್ಚಕನೊಬ್ಬ ಶಿಲುಬೆಯನ್ನು ಧರಿಸಿ ಜನರ ಮುಂದೆ ನಿಲ್ಲುವುದು ಹೇಗೆ? ದೇವರು ಒಬ್ಬನೇ, ಅವನಿಗೆ ಪಾಲುದಾರರಿಲ್ಲವೆಂದು ದಿನಕ್ಕೆ ಐದು ಸಲ ನಮಾಜಿನಲ್ಲಿ ಸಾಕ್ಷಿ ನುಡಿಯುವ ಮುಸಲ್ಮಾನನಿಗೆ 'ತ್ರಿಯೇಕ' ಎಂಬ ಮಾತು ಇನ್ನೂ ಕಷ್ಟ. ಇವರಿಗೆ ರಾಜ್ಯ ಹೇಳಿದ್ದಿಷ್ಟು: ನಿನ್ನ ಸೇವೆ ದೊಡ್ಡದು, ಬಾ, ಗೌರವ ಸ್ವೀಕರಿಸು; ಆದರೆ ನಿನ್ನ ನಂಬಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಬಾ.

ನಮ್ಮ ತರಗತಿಯಲ್ಲಿ ಈ ವಿಷಯ ಬಂದಾಗ ವಿದ್ಯಾರ್ಥಿಯೊಬ್ಬ, "ಹಾಗಾದರೆ ದೇಶದ ಹೆಸರನ್ನೇ ಬದಲಾಯಿಸಬೇಕಲ್ಲವೆ?" ಎಂದು ಕೇಳಿದ್ದುಂಟು. ಪ್ರಶ್ನೆ ಚುರುಕಾದುದು; ಟ್ರಿನಿಡಾಡಿನ ಪತ್ರಿಕೆಗಳಲ್ಲಿಯೂ ಹಲವರು ಇದನ್ನೇ ಕೇಳಿದರು. ನಮ್ಮ ಉತ್ತರ ಹೀಗೆ. ಊರಿನ ಹೆಸರು ಐನೂರು ವರ್ಷ ಬಾಯಲ್ಲಿ ಸವೆದು ತನ್ನ ಮೂಲಾರ್ಥವನ್ನು ಬಿಟ್ಟುಕೊಟ್ಟಿರುತ್ತದೆ. ಅದನ್ನು ಉಚ್ಚರಿಸುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಪದಕ ಹಾಗಲ್ಲ. ಅದು ೧೯೬೯ರಲ್ಲಿ ಸ್ವತಂತ್ರ ಸರಕಾರ ತಾನಾಗಿ ಆರಿಸಿದ್ದು. ಮನುಷ್ಯ ಅದನ್ನು ಕೈ ಚಾಚಿ ಸ್ವೀಕರಿಸಿ ಮೈಮೇಲೆ ಧರಿಸಬೇಕು. ಮೇಲಾಗಿ 'ಟ್ರಿನಿಟಿ' ಎಂಬುದು ಒಂದೇ ಇದ್ದರೆ ದ್ವೀಪದ ಹೆಸರೆನ್ನಬಹುದು, 'ಕ್ರಾಸ್' ಎಂಬುದು ಒಂದೇ ಇದ್ದರೆ ಪದಕದ ಆಕಾರವೆನ್ನಬಹುದು; ಎರಡನ್ನೂ ಒಟ್ಟಿಗೆ ಇಟ್ಟ ಮೇಲೆ ಬೇರೊಂದು ಅರ್ಥ ಹುಡುಕುವುದು ಬಲವಂತವಾಗುತ್ತದೆ.

೧೯೭೬ರಲ್ಲಿ ದೇಶ ಗಣರಾಜ್ಯವಾಯಿತು. ರಾಣಿಯ ಸ್ಥಾನಕ್ಕೆ ರಾಷ್ಟ್ರಾಧ್ಯಕ್ಷರು ಬಂದರು. ಪದಕ ಮಾತ್ರ ಬದಲಾಗಲಿಲ್ಲ. ೧೯೯೭ರಲ್ಲಿ ಮುಖ್ಯ ನ್ಯಾಯಾಧೀಶ ಮೈಕೆಲ್ ಡಿ ಲಾ ಬಾಸ್ಟೀಡರ ಅಧ್ಯಕ್ಷತೆಯ ಸಮಿತಿ ಈ ಪ್ರಶ್ನೆಯನ್ನು ವಿಚಾರಿಸಿ, ಹೆಸರನ್ನು ಬದಲಾಯಿಸುವುದು ಲೇಸೆಂದು ಸೂಚಿಸಿತು. ಆಗ ಪ್ರಧಾನಮಂತ್ರಿಯಾಗಿದ್ದವರು ಭಾರತೀಯ ಮೂಲದ ಮೊದಲ ಪ್ರಧಾನಿ ವಾಸುದೇವ ಪಾಂಡೇ. ಆದರೂ ಸೂಚನೆ ಕಾರ್ಯಗತವಾಗಲಿಲ್ಲ. ತಮ್ಮವರೇ ಅಧಿಕಾರಕ್ಕೆ ಬಂದರೆ ಎಲ್ಲ ಸರಿಹೋಗುವುದೆಂದು ತಿಳಿದವರಿಗೆ ಇದೊಂದು ಪಾಠವಾಗಿರಬೇಕು.

ಕಡೆಗೆ ೨೦೦೪ರಲ್ಲಿ ಸನಾತನ ಧರ್ಮ ಮಹಾಸಭೆಯೂ ಅದರ ಪ್ರಧಾನ ಕಾರ್ಯದರ್ಶಿ ಸತ್ನಾರಾಯಣ ಮಹಾರಾಜರೂ ನ್ಯಾಯಾಲಯದ ಮೆಟ್ಟಿಲೇರಿದರು. ಮುಸ್ಲಿಂ ಸಂಸ್ಥೆಯೊಂದೂ ಜೊತೆಗೂಡಿತು. ೨೦೦೬ರ ಮೇ ತಿಂಗಳಿನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಪೀಟರ್ ಜಾಮದಾರ್ ಕೊಟ್ಟ ತೀರ್ಪು ಇತಿಹಾಸದ ವಿದ್ಯಾರ್ಥಿಗಳು ಓದತಕ್ಕ ಬರಹ. ಪದಕದ ಶಾಸನದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲ. ಯಾರಿಗೆ ಬೇಕಾದರೂ ಪದಕ ಸಲ್ಲಬಹುದು. ಸರಕಾರದ ಪಕ್ಷದ ಬಲ ಇಷ್ಟೇ. ನ್ಯಾಯಮೂರ್ತಿಗಳು ಶಾಸನದ ಅಕ್ಷರವನ್ನು ಬಿಟ್ಟು ಪರಿಣಾಮವನ್ನು ನೋಡಿದರು. ವಸಾಹತು ಕಾಲದಲ್ಲಿ ಕ್ರೈಸ್ತ ಮತಕ್ಕಿದ್ದ ಪ್ರಾಬಲ್ಯವನ್ನೂ ಇತರ ಮತಗಳ ಅವಮಾನವನ್ನೂ ಅವರು ಗಣನೆಗೆ ತಂದುಕೊಂಡರು. ಅಂಥ ಸಮಾಜದಲ್ಲಿ ಈ ಹೆಸರು ಹಿಂದೂಗಳಿಗೂ ಮುಸಲ್ಮಾನರಿಗೂ ಪರೋಕ್ಷವಾಗಿ ತಾರತಮ್ಯವುಂಟುಮಾಡುತ್ತದೆಂದೂ, ಉದ್ದೇಶ ಒಳ್ಳೆಯದಾಗಿತ್ತೆಂಬುದು ಇದಕ್ಕೆ ಉತ್ತರವಾಗದೆಂದೂ ಅವರು ನಿರ್ಣಯಿಸಿದರು.

ಆದರೆ ತೀರ್ಪಿನ ಮುಂದಿನ ಭಾಗ ವಾದಿಗಳಿಗೆ ನಿರಾಶೆಯುಂಟುಮಾಡಿತು. ಹಕ್ಕುಗಳಿಗೆ ಚ್ಯುತಿ ಬಂದಿರುವುದು ನಿಜ, ಪರಿಹಾರ ಮಾತ್ರ ಕೊಡಲಾಗದು! ಕಾರಣ, ೧೯೭೬ರ ಸಂವಿಧಾನದ ಆರನೆಯ ವಿಧಿ. ಸಂವಿಧಾನ ಜಾರಿಗೆ ಬರುವ ಮೊದಲೇ ಇದ್ದ ಕಾನೂನುಗಳನ್ನು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ಅಸಿಂಧುಗೊಳಿಸಲಾಗದೆಂದು ಅದು ಹೇಳುತ್ತದೆ. ಕೆರಿಬಿಯನ್ ದೇಶಗಳ ಹಲವು ಸಂವಿಧಾನಗಳಲ್ಲಿ ಇಂಥ ರಕ್ಷಣಾವಿಧಿ ಉಂಟು. ಹಳೆಯ ಕಾನೂನುಗಳೆಲ್ಲ ಒಂದೇ ದಿನದಲ್ಲಿ ಕುಸಿದುಬಿದ್ದಾವೆಂಬ ಭಯದಿಂದ ಅದನ್ನು ಸೇರಿಸಿದ್ದು. ನಮ್ಮ ಸಂವಿಧಾನದ ೧೩ನೆಯ ಅನುಚ್ಛೇದ ಇದಕ್ಕೆ ತೀರ ವಿರುದ್ಧವಾದ ಮಾರ್ಗ ಹಿಡಿದು, ಮೂಲಭೂತ ಹಕ್ಕುಗಳಿಗೆ ಅಸಂಗತವಾದ ಹಳೆಯ ಕಾನೂನುಗಳು ಆ ಮಟ್ಟಿಗೆ ಶೂನ್ಯವೆಂದು ಘೋಷಿಸಿರುವುದನ್ನು ವಿದ್ಯಾರ್ಥಿಗಳು ಹೋಲಿಸಿ ನೋಡಬಹುದು. ವಸಾಹತು ಹೋದರೂ ಅದರ ಕಾನೂನಿಗೆ ಕಾವಲು ನಿಲ್ಲುವ ವಿಧಿಯೊಂದು ಅಲ್ಲಿ ಉಳಿದುಕೊಂಡಿತು.

ತೀರ್ಪಿನ ಬಳಿಕ ಸರಕಾರ ಸುಮ್ಮನಿರಲಾಗಲಿಲ್ಲ. ರಾಷ್ಟ್ರದ ಚಿಹ್ನೆಗಳನ್ನು ಪರಿಶೀಲಿಸಲು ವೆಸ್ಟ್ ಇಂಡೀಸ್ ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕಿ ಬ್ರಿಜೆಟ್ ಬ್ರೆರ್ಟನ್ನರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಕುಳಿತಿತು. (ಇಂಥ ಸಮಿತಿಗೆ ಇತಿಹಾಸದ ಅಧ್ಯಾಪಕರನ್ನು ಕರೆಯಬೇಕೆಂದು ಒಂದು ಸರಕಾರಕ್ಕೆ ತೋಚಿದ್ದು ನಮ್ಮಂಥವರಿಗೆ ಸಂತೋಷದ ಸಂಗತಿ.) ೨೦೦೮ರಲ್ಲಿ ಪ್ಯಾಟ್ರಿಕ್ ಮ್ಯಾನಿಂಗ್ ಪ್ರಧಾನಿಯಾಗಿದ್ದಾಗ ಟ್ರಿನಿಟಿ ಕ್ರಾಸ್ ಕೊಡುವುದನ್ನು ನಿಲ್ಲಿಸಿ, ಅದರ ಸ್ಥಾನದಲ್ಲಿ 'ಆರ್ಡರ್ ಆಫ್ ದಿ ರಿಪಬ್ಲಿಕ್ ಆಫ್ ಟ್ರಿನಿಡಾಡ್ ಅಂಡ್ ಟೊಬೇಗೊ' ಎಂಬ ಹೊಸ ಗೌರವವನ್ನು ಏರ್ಪಡಿಸಲಾಯಿತು. ಚಕೋನಿಯವೂ ಹಮ್ಮಿಂಗ್ ಬರ್ಡೂ ಇದ್ದಲ್ಲಿಯೇ ಉಳಿದುವು. ಅವುಗಳ ವಿಷಯದಲ್ಲಿ ಇಂಥ ತಕರಾರು ಎದ್ದಿರಲಿಲ್ಲ.

ಪದಕವೇ ಹೋದ ಮೇಲೆ ವ್ಯಾಜ್ಯ ಮುಗಿಯಿತೆಂದು ವಾದಿಗಳು ಭಾವಿಸಲಿಲ್ಲ. ತಪ್ಪು ನಡೆದಿತ್ತೆಂದು ಕಾನೂನಿನ ಬಾಯಿಂದ ಹೇಳಿಸಬೇಕೆಂಬುದು ಅವರ ಪಟ್ಟು. ವಿಷಯ ಆ ದೇಶದ ಅತ್ಯುಚ್ಚ ಮೇಲ್ಮನವಿಯ ಸ್ಥಾನವಾದ ಪ್ರಿವಿ ಕೌನ್ಸಿಲಿಗೆ ಹೋಗಿ, ೨೦೦೯ರ ಏಪ್ರಿಲಿನಲ್ಲಿ ನಿರ್ಣಯ ಹೊರಬಿತ್ತು. ೧೯೬೯ರ ರಾಜಶಾಸನಕ್ಕೆ ರಕ್ಷಣಾವಿಧಿಯ ಆಸರೆ ಸಲ್ಲದೆಂದೂ, ಟ್ರಿನಿಟಿ ಕ್ರಾಸಿನ ಸ್ಥಾಪನೆ ಸಮಾನತೆಯ ಹಕ್ಕನ್ನೂ ಅಂತಃಕರಣದ ಮತ್ತು ನಂಬಿಕೆಯ ಸ್ವಾತಂತ್ರ್ಯವನ್ನೂ ಉಲ್ಲಂಘಿಸಿತೆಂದೂ ಅಲ್ಲಿ ಘೋಷಣೆಯಾಯಿತು. ಇತಿಹಾಸದ ಕ್ರಮವನ್ನು ನೋಡಿದರೂ ಇದು ಯುಕ್ತವೇ. ೧೯೬೨ರ ಸಂವಿಧಾನದಲ್ಲಿಯೂ ಅವೇ ಹಕ್ಕುಗಳಿದ್ದವು. ಪದಕ ಹುಟ್ಟಿದ್ದು ಆ ಹಕ್ಕುಗಳು ಹುಟ್ಟಿ ಏಳು ವರ್ಷದ ಮೇಲೆ. ಅದನ್ನು ವಸಾಹತಿನಿಂದ ಬಂದ ಹಳೆಯ ಕಾನೂನೆಂದು ಕರೆಯುವುದಕ್ಕಾಗುವುದಿಲ್ಲ. ಅದು ಸ್ವಾತಂತ್ರ್ಯದ ಮಗುವೇ. ಮುಖಚಹರೆ ಮಾತ್ರ ವಸಾಹತಿನದು. ಸ್ವತಂತ್ರ ದೇಶವೊಂದರ ಪದಕ ವಸಾಹತಿನ ಮುಂದುವರಿಕೆಯಾಗಬಾರದೆಂಬ ವ್ಯಾಜ್ಯಕ್ಕೆ ಕಡೆಯ ಮಾತು ಹಳೆಯ ಸಾಮ್ರಾಜ್ಯದ ರಾಜಧಾನಿಯಿಂದಲೇ ಬರಬೇಕಾದದ್ದು ಇನ್ನೊಂದು ವಕ್ರತೆ.

೨೦೧೧ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಹಿಂದೂಗಳು ಶೇಕಡ ೧೮ರಷ್ಟು, ಮುಸಲ್ಮಾನರು ಶೇಕಡ ೫ರಷ್ಟು. ಸುಮಾರು ಕಾಲು ಭಾಗ ಪ್ರಜೆಗಳ ಮನಸ್ಸಿಗೆ ಮುಳ್ಳಾಗಬಹುದಾಗಿದ್ದ ಹೆಸರು ನಾಲ್ಕು ದಶಕ ನಿಂತಿತ್ತೆಂದಾಯಿತು. ಅದು ಹೋದ ಮೇಲೆ ಇತರ ಚಿಹ್ನೆಗಳ ಕಡೆಗೂ ದೃಷ್ಟಿ ಹರಿದಿದೆ. ರಾಷ್ಟ್ರದ ಗುರಾಣಿಚಿಹ್ನೆಯಲ್ಲಿ ೧೯೬೨ರಿಂದ ಕೊಲಂಬಸನ ಮೂರು ಹಡಗುಗಳಿದ್ದವು. ಅವುಗಳ ಸ್ಥಾನದಲ್ಲಿ ಸ್ಟೀಲ್ ಪ್ಯಾನ್ ವಾದ್ಯವನ್ನು ತರುವುದಾಗಿ ೨೦೨೪ರ ಆಗಸ್ಟಿನಲ್ಲಿ ಪ್ರಧಾನಿ ಕೀತ್ ರೌಲೀ ಪ್ರಕಟಿಸಿದರು. ೨೦೨೫ರ ಆರಂಭದಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. ಎಣ್ಣೆಯ ಪೀಪಾಯಿಯ ತಳವನ್ನು ತಟ್ಟಿ ತಟ್ಟಿ ಸ್ವರ ಹೊರಡಿಸುವ ಈ ವಾದ್ಯ ಆ ದ್ವೀಪದ ಬಡವರ ಕೇರಿಗಳಲ್ಲಿ ಹುಟ್ಟಿದ್ದು.

೨೦೨೫ರ ಜುಲೈ ೪ರಂದು ಭಾರತದ ಪ್ರಧಾನಮಂತ್ರಿ ನರೇಂದ್ರ ಮೋದಿಯವರಿಗೆ ಪೋರ್ಟ್ ಆಫ್ ಸ್ಪೇನಿನಲ್ಲಿ 'ಆರ್ಡರ್ ಆಫ್ ದಿ ರಿಪಬ್ಲಿಕ್' ಪ್ರದಾನವಾದಾಗ ಆ ದೇಶದ ಗೌರವದ ಹೆಸರು ನಮ್ಮ ಪತ್ರಿಕೆಗಳಲ್ಲಿಯೂ ಅಚ್ಚಾಯಿತು. ಅದಕ್ಕೆ ಮೊದಲು ಅದೇ ಸ್ಥಾನದಲ್ಲಿದ್ದ ಪದಕದ ಮಾತನ್ನು ನಾವು ನೋಡಿದ ಪತ್ರಿಕೆಗಳು ಎತ್ತಲಿಲ್ಲ. ಟ್ರಿನಿಟಿ ಕ್ರಾಸನ್ನು ಹಿಂದೆ ಪಡೆದವರ ಗೌರವವನ್ನು ಯಾರೂ ಕಸಿದುಕೊಂಡಿಲ್ಲ. ಲಾರಾ ಇಂದಿಗೂ ಟಿ.ಸಿ.; ಹೊಸ ಗೌರವ ಪಡೆದವರ ಹೆಸರಿನ ಮುಂದೆ ಓ.ಆರ್.ಟಿ.ಟಿ. ಎಂಬ ನಾಲ್ಕು ಅಕ್ಷರ.